ರಾಜೀವ್ ಚಂದ್ರಶೇಖರ್ ಮತ್ತು ಒಂದು ಶ್ರೇಣಿ–ಒಂದು ಪಿಂಚಣಿ

ವಾಯುಪಡೆ ಅಧಿಕಾರಿಯ ಮಗ ರಾಜೀವ್ ಚಂದ್ರಶೇಖರ್ 2006ರಿಂದ 2024ರವರೆಗೆ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದರು. ಮಾಜಿ ಸೈನಿಕರ ಪಿಂಚಣಿ ವಿಷಯವನ್ನು ಅವರು ಸದನದಲ್ಲಿ ಪಟ್ಟುಬಿಡದೆ ಎತ್ತಿದರು. ಬೆಂಗಳೂರಿನ ರಾಷ್ಟ್ರೀಯ ಸೇನಾ ಸ್ಮಾರಕಕ್ಕೂ ಶ್ರಮಿಸಿದರು.

ಒಂದು ಶ್ರೇಣಿ–ಒಂದು ಪಿಂಚಣಿ ಎಂದರೆ, ಒಂದೇ ಶ್ರೇಣಿ, ಒಂದೇ ಸೇವಾವಧಿ ಇದ್ದರೆ ನಿವೃತ್ತಿ ಯಾವ ವರ್ಷವಾದರೂ ಪಿಂಚಣಿ ಒಂದೇ. ಭಗತ್ ಸಿಂಗ್ ಕೋಶ್ಯಾರಿ ಸಮಿತಿ 2011ರಲ್ಲಿ ಇದನ್ನು ಶಿಫಾರಸು ಮಾಡಿತು. ಆದೇಶ ಹೊರಬಿದ್ದದ್ದು 2015ರ ನವೆಂಬರ್ 7. ಜಾರಿ 2014ರ ಜುಲೈ 1ರಿಂದ ಪೂರ್ವಾನ್ವಯ. ಎರಡೂ ದಿನಾಂಕ ಬೇಕು, ಪ್ರಶ್ನೆ ಬರುವುದೇ ಇಲ್ಲಿ. ಪರಿಷ್ಕರಣೆ 5 ವರ್ಷಕ್ಕೊಮ್ಮೆ. ಯುದ್ಧದಲ್ಲಿ ಮಡಿದವರ ಪತ್ನಿಯರೂ ಸೇರಿ ಕುಟುಂಬ ಪಿಂಚಣಿದಾರರಿಗೂ ಅನ್ವಯ. ಸಮಾನ ಪಿಂಚಣಿಯೇ ಯೋಜನೆಯ ಜೀವಾಳ.