ಬೀದರಿನ ಟೊಳ್ಳುಕಲ್ಲು: ಒಂದು ದಿನದ ಶಿಲಾಸಂಚಾರ

ವಿಚಿತ್ರ ಶಿಲೆಗಳನ್ನೂ ಜನರು ವಾಸಿಸಿದ ಗುಹೆಗಳನ್ನೂ ನೋಡಬೇಕಾದರೆ ದೂರದ ದೇಶಗಳಿಗೇ ಹೋಗಬೇಕೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ತುರ್ಕಿ ದೇಶದ ಕಪಡೋಸಿಯ ಪ್ರಾಂತಕ್ಕೆ ಪ್ರತಿವರ್ಷವೂ ಲಕ್ಷಾಂತರ ಜನರು ಹೋಗುವುದು ಈ ಕಾರಣದಿಂದಲೇ. ಅಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲಿನಲ್ಲಿ ಜನರು ಮನೆಗಳನ್ನೂ ಗುಡಿಗಳನ್ನೂ ಕೊರೆದಿದ್ದಾರೆ. ಡೆರಿಂಕುಯು ಎಂಬಲ್ಲಿ ನೆಲದೊಳಗೆ ಸುಮಾರು 85 ಮೀಟರ್ ಆಳದವರೆಗೆ ಒಂದು ಊರನ್ನೇ ತೋಡಿದ್ದಾರೆ. ಆದರೆ ಉಳಿಗೆ ಸುಲಭವಾಗಿ ಒಲಿಯುವ ಕಲ್ಲು, ಅದರೊಳಗೆ ಕೊರೆದ ಸುರಂಗಗಳು, ಕಲ್ಲಿನ ಗರ್ಭದಿಂದ ಒಸರುವ ನೀರು ಇವೆಲ್ಲವೂ ನಮ್ಮ ನಾಡಿನ ಈಶಾನ್ಯದ ತುದಿಯಲ್ಲಿರುವ ಬೀದರಿನಲ್ಲಿಯೂ ಉಂಟು. ಊರನ್ನು ಬಲ್ಲ ಮಾರ್ಗದರ್ಶಿಯೊಬ್ಬರು ಜೊತೆಗಿದ್ದರೆ ಬೆಳಗಿನಿಂದ ಸಂಜೆಯೊಳಗೆ ಇವುಗಳನ್ನು ನೋಡಿ ಮುಗಿಸಬಹುದು. ಅಂತಹ ಸಂಚಾರದಲ್ಲಿ ನಾವು ಎಲ್ಲಿ ನಿಲ್ಲಬೇಕು, ಏನನ್ನು ಗಮನಿಸಬೇಕು, ಕಂಡದ್ದರಿಂದ ಏನನ್ನು ತಿಳಿಯಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎರಡು ಅಂತಸ್ತಿನ ನೆಲ

ಹೊರಡುವ ಮುನ್ನ ಬೀದರಿನ ನೆಲದ ರಚನೆಯನ್ನು ಸ್ವಲ್ಪ ಅರಿತಿರುವುದು ಅವಶ್ಯಕ. ಈ ನೆಲವನ್ನು ಎರಡು ಅಂತಸ್ತಿನ ಮನೆಗೆ ಹೋಲಿಸಬಹುದು. ಕೆಳಗಿನ ಅಂತಸ್ತು ಬಸಾಲ್ಟ್ ಎಂಬ ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿಬಂದ ಶಿಲಾರಸವು ಪದರಪದರವಾಗಿ ಹರಿದು ಹರಡಿತು. ಇಂದಿಗೂ ದಖ್ಖನಿನಲ್ಲಿ ಸುಮಾರು 5 ಲಕ್ಷ ಚದರ ಕಿಲೊಮೀಟರುಗಳಷ್ಟು ಪ್ರದೇಶವನ್ನು ಅದು ಆವರಿಸಿದೆ. ಅಜಂತ, ಎಲ್ಲೋರಗಳ ಗುಹೆಗಳನ್ನು ಕಡೆದಿರುವುದು ಈ ಕರಿಕಲ್ಲಿನಲ್ಲಿಯೇ.

ಮೇಲಿನ ಅಂತಸ್ತು ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್. ನಮ್ಮ ಕರಾವಳಿಯವರು ಇದನ್ನು ಮುರಕಲ್ಲು ಎನ್ನುವರು. ಇದು ಬೇರೆಲ್ಲಿಂದಲೋ ಬಂದು ಬಿದ್ದ ಕಲ್ಲಲ್ಲ. ಕರಿಕಲ್ಲೇ ಕೊಳೆತು ಆದುದು. ಬಿಸಿಲು ಮಳೆಗಳು ಒಂದಾದ ಮೇಲೊಂದು ಬರುವ ಹವೆಯಲ್ಲಿ ಮಳೆಯ ನೀರು ಕಲ್ಲಿನೊಳಕ್ಕೆ ಇಳಿಯುತ್ತ, ಅದರಲ್ಲಿನ ಸುಣ್ಣ, ಸೋಡಿಯಂ, ಮೆಗ್ನೀಸಿಯಂ ಮೊದಲಾದುವನ್ನು ಕರಗಿಸಿ ಒಯ್ಯುತ್ತದೆ. ಸಿಲಿಕದ ಬಹುಭಾಗವೂ ಹಾಗೆಯೇ ಹೋಗುತ್ತದೆ. ನೀರಿಗೆ ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಆಮ್ಲಜನಕದೊಡನೆ ಕೂಡಿಕೊಂಡು ಉಳಿಯುತ್ತವೆ. ಕೋಟ್ಯಂತರ ವರ್ಷಗಳ ಕಾಲ ಈ ಕ್ರಿಯೆ ನಡೆದರೆ ಕರಿಯ ಕಲ್ಲು ಕೆಂಪಾಗುತ್ತದೆ; ಅದರ ತುಂಬ ಹುಳು ಕೊರೆದಂತೆ ಕೊಳವೆಗಳೂ ಪೊಳ್ಳುಗಳೂ ಉಂಟಾಗುತ್ತವೆ.

ಈ ಶಿಲೆಗೆ ಶಾಸ್ತ್ರೀಯ ನಾಮಕರಣ ಮಾಡಿದವರು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮೈಸೂರು, ಕೆನರ, ಮಲಬಾರುಗಳಲ್ಲಿ ಸಂಚರಿಸುತ್ತಿದ್ದಾಗ ಕೇರಳದ ಅಂಗಡಿಪುರಂ ಎಂಬಲ್ಲಿ ಜನರು ಈ ಕಲ್ಲನ್ನು ನೆಲದಿಂದ ಕತ್ತರಿಸಿ ತೆಗೆದು ಇಟ್ಟಿಗೆಯಂತೆ ಬಳಸುವುದನ್ನು ಅವರು ಗಮನಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. 1807ರಲ್ಲಿ ಅಚ್ಚಾದ ಅವರ ಪ್ರವಾಸಗ್ರಂಥದಿಂದ ಲ್ಯಾಟರೈಟ್ ಎಂಬ ಹೆಸರು ಜಗತ್ತಿಗೆಲ್ಲ ಹರಡಿತು. ನಮ್ಮ ‘ಜಂಬಿಟ್ಟಿಗೆ’ ಎಂಬ ಮಾತಿನಲ್ಲಿಯೂ ಇಟ್ಟಿಗೆ ಅಡಗಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ಕಲ್ಲಿನ ಒಂದು ವಿಶೇಷ ಗುಣವೆಂದರೆ ನೆಲದೊಳಗೆ ತೇವವಾಗಿರುವಾಗ ಅದು ಮೆತ್ತಗಿರುತ್ತದೆ. ಕತ್ತರಿಸಿ ಗಾಳಿಬಿಸಿಲಿಗೆ ಒಡ್ಡಿದರೆ ಗಡುಸಾಗುತ್ತದೆ. ನೀರಿನಂಶ ಆರಿದಂತೆ ಅದರೊಳಗಿನ ಕಬ್ಬಿಣದ ಸಂಯುಕ್ತಗಳು ಹರಳುಗಟ್ಟಿ ಕಣಗಳನ್ನು ಬಿಗಿಯಾಗಿ ಬೆಸೆಯುವುದೇ ಇದಕ್ಕೆ ಕಾರಣ.

ಬೆಳಗು: ಕೋಟೆಯ ಕಂದಕ

ನಮ್ಮ ಮೊದಲನೆಯ ನಿಲುಗಡೆ ಬೀದರಿನ ಕೋಟೆ. ಬಹಮನಿ ಸುಲ್ತಾನನಾದ ಅಹಮದ್ ಷಹ 15ನೆಯ ಶತಮಾನದ ಮೊದಲ ಭಾಗದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಅಂಚಿನಲ್ಲಿಯೇ ಕೋಟೆ ನಿಂತಿದೆ. ಅಂಚಿನ ಕಡೆ ನೆಲವೇ ಕಡಿದಾಗಿ ಇಳಿದುಹೋಗಿರುವುದರಿಂದ ಶತ್ರುವಿಗೆ ಹತ್ತುವುದು ಕಷ್ಟ. ಆದರೆ ನಗರದ ಕಡೆಗೆ ನೆಲ ಸಮತಟ್ಟು. ಆದುದರಿಂದ ಅಲ್ಲಿ ಕಂದಕವನ್ನು ತೋಡಿದರು. ಅದೂ ಒಂದಲ್ಲ, ಒಂದರ ಪಕ್ಕದಲ್ಲೊಂದರಂತೆ ಮೂರು ಸಾಲು. ಸಾಲುಗಳ ನಡುವೆ ನಿಂತಿರುವ ಗೋಡೆಗಳನ್ನು ಯಾರೂ ಕಟ್ಟಿದ್ದಲ್ಲ. ಸುತ್ತಲಿನ ಕಲ್ಲನ್ನು ತೋಡಿ ತೆಗೆದು, ನಡುವಿನ ಬಂಡೆಯನ್ನು ಹಾಗೆಯೇ ಬಿಟ್ಟುದು. ಪುರಾತತ್ವ ವಿದ್ವಾಂಸರಾದ ಗುಲಾಮ್ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಕಟ್ಟಡಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಿಂದ ಈ ಕೋಟೆಯ ಪರಿಚಯ ವಿದ್ವಲ್ಲೋಕಕ್ಕೆ ಚೆನ್ನಾಗಿ ಆಯಿತು.

ಕಂದಕದ ಗೋಡೆಯ ಬಳಿ ನಿಂತು ಕಲ್ಲನ್ನು ಸಮೀಪದಿಂದ ನೋಡಬೇಕು. ಬೆರಳು ತೂರುವಷ್ಟು ಪೊಳ್ಳುಗಳು, ಕೆಂಪು ಹಳದಿ ಬಣ್ಣಗಳ ಮಚ್ಚೆಗಳು, ಗಟ್ಟಿಯಾದ ಕಬ್ಬಿಣದ ಗೆರೆಗಳು ಅಲ್ಲಿ ಕಾಣುತ್ತವೆ. ಇಂತಹ ಕಂದಕವನ್ನು ಬಸಾಲ್ಟಿನಲ್ಲಿ ತೋಡಬೇಕಾಗಿದ್ದರೆ ಶ್ರಮ ಎಷ್ಟು ಪಟ್ಟು ಹೆಚ್ಚುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ನೀರು ತುಂಬಿದ ಗುಹೆ

ಎರಡನೆಯ ನಿಲುಗಡೆ ಊರಿನ ಸಮೀಪದ ಝರಣಿ ನರಸಿಂಹ ಗುಹೆ. ನರಸಿಂಹನಿಂದ ಹತನಾದ ರಾಕ್ಷಸನೇ ನೀರಾಗಿ ಸ್ವಾಮಿಯ ಪಾದದಿಂದ ಹರಿದನೆಂಬುದು ಕ್ಷೇತ್ರದ ಐತಿಹ್ಯ. ಭಕ್ತರು ಬೆಟ್ಟದೊಳಗಿನ ಸುರಂಗದಲ್ಲಿ ಸೊಂಟದವರೆಗೆ, ಕೆಲವೆಡೆ ಎದೆಯವರೆಗೆ ಬರುವ ನೀರಿನಲ್ಲಿ ನಡೆದು ಕೊನೆಯಲ್ಲಿರುವ ಮೂರ್ತಿಯ ದರ್ಶನ ಪಡೆಯುತ್ತಾರೆ. ತಲೆಯ ಮೇಲೆ ಸೂರಿನಲ್ಲಿ ಬಾವಲಿಗಳು ತೂಗಾಡುತ್ತಿರುತ್ತವೆ.

ಮೂರನೆಯದು ಗುರು ನಾನಕ್ ಝೀರಾ. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿಯ ಜನರು ಕುಡಿಯುವ ನೀರಿಲ್ಲದೆ ಕಷ್ಟಪಡುತ್ತಿದ್ದರೆಂದೂ, ಗುರುಗಳು ತಮ್ಮ ಪಾದುಕೆಯಿಂದ ಕಲ್ಲೊಂದನ್ನು ಸರಿಸಲು ಸಿಹಿನೀರಿನ ಬುಗ್ಗೆ ಚಿಮ್ಮಿತೆಂದೂ ಸಿಖ್ಖರು ನಂಬುತ್ತಾರೆ. ಇಲ್ಲಿಯೂ ಕೆಂಪು ಕಲ್ಲಿನ ಬುಡದಿಂದಲೇ ನೀರು ಬರುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿರುವ ಪಾಪನಾಶದಲ್ಲಿಯೂ ಒಂದು ಒರತೆ ಉಂಟು.

ಎಲ್ಲ ಒರತೆಗಳೂ ಅಂಚಿನ ತಗ್ಗುಗಳಲ್ಲೇ ಇರುವುದೇಕೆ? ಜಂಬಿಟ್ಟಿಗೆ ಮಳೆಯ ನೀರನ್ನು ಸ್ಪಂಜಿನಂತೆ ಹೀರುತ್ತದೆ. ಹೀರಿದ ನೀರು ಪೊಳ್ಳುಗಳ ಮೂಲಕ ಕೆಳಕ್ಕೆ ಇಳಿಯುತ್ತದೆ. ಆದರೆ ಜಂಬಿಟ್ಟಿಗೆಗೂ ಕರಿಕಲ್ಲಿಗೂ ನಡುವೆ, ಇನ್ನೂ ಪೂರ್ತಿ ಮಾರ್ಪಡದ ಜೇಡಿಯ ಪದರವೊಂದಿದೆ. ಜೇಡಿಯ ಮೂಲಕ ನೀರು ಬೇಗ ಇಳಿಯಲಾರದು. ಹೀಗಾಗಿ ಅದು ಜೇಡಿಯ ಮೇಲೆ ಅಡ್ಡಲಾಗಿ ಹರಿದು, ಪ್ರಸ್ಥಭೂಮಿ ಕೊನೆಗೊಳ್ಳುವಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತಟ್ಟೆಯೊಂದರಲ್ಲಿ ನಾದಿದ ಜೇಡಿಮಣ್ಣನ್ನು ಹರವಿ, ಅದರ ಮೇಲೆ ಚೆನ್ನಾಗಿ ನೆನೆದ ಇಟ್ಟಿಗೆಯೊಂದನ್ನಿಟ್ಟು ನಿಧಾನವಾಗಿ ನೀರು ಹನಿಸಿ. ಸ್ವಲ್ಪ ಹೊತ್ತಿನಲ್ಲಿ ಇಟ್ಟಿಗೆಯ ಬುಡದ ಸುತ್ತ ನೀರು ಒಸರುವುದು.

ಮಧ್ಯಾಹ್ನ: ಸುರಂಗ ಬಾವಿ

ಪ್ರಕೃತಿಯ ಈ ಏರ್ಪಾಟನ್ನು ಅರಿತು ಅದಕ್ಕೆ ಮಾನವನು ತನ್ನ ಕೌಶಲವನ್ನು ಜೋಡಿಸಿದ ಸ್ಥಳವೇ ನಮ್ಮ ನಾಲ್ಕನೆಯ ನಿಲುಗಡೆ: ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ. ಈ ವಿದ್ಯೆ ಪರ್ಷಿಯದಿಂದ ಬಂದದ್ದು. ಬಹಮನಿ ರಾಜ್ಯಕ್ಕೂ ಪರ್ಷಿಯಕ್ಕೂ ನಿಕಟ ಸಂಬಂಧವಿತ್ತು. ಬೀದರಿನಲ್ಲಿ ಪ್ರಸಿದ್ಧ ಮದರಸವನ್ನು 1472ರಲ್ಲಿ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನನು ಪರ್ಷಿಯದ ಗೀಲಾನಿನವನೇ.

ಕರೇಜಿನ ತತ್ತ್ವ ಸರಳವಾದುದು. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ, ಅತ್ಯಲ್ಪ ಇಳಿಜಾರಿನಲ್ಲಿ, ನೆಲದೊಳಗೇ ಒಂದು ಸುರಂಗವನ್ನು ಒಯ್ಯುತ್ತಾರೆ. ನಡುನಡುವೆ ಮೇಲಿನಿಂದ ನೆಟ್ಟನೆಯ ಬಾವಿಗಳನ್ನು ಇಳಿಸುತ್ತಾರೆ. ಕೆಲಸಗಾರರು ಇಳಿಯುವುದು, ಮಣ್ಣನ್ನು ಮೇಲೆತ್ತುವುದು, ಗಾಳಿಬೆಳಕು ಬರುವುದು ಎಲ್ಲವೂ ಈ ಬಾವಿಗಳ ಮೂಲಕವೇ. ನೀರು ತನ್ನ ಭಾರದಿಂದ ತಾನೇ ಹರಿದು ಸುರಂಗದ ಬಾಯಿಗೆ ಬರುತ್ತದೆ. ಎತ್ತುವ ಯಂತ್ರ ಬೇಡ. ಬಿಸಿಲಿಗೆ ಆವಿಯಾಗುವ ನಷ್ಟವೂ ಕಡಿಮೆ. ನೌಬಾದಿನಲ್ಲಿ ಇಂತಹ ನೆಟ್ಟನೆಯ ಬಾವಿಗಳು ಇಪ್ಪತ್ತಕ್ಕೂ ಹೆಚ್ಚು. ಇಳಿಜಾರು ಸ್ವಲ್ಪ ಹೆಚ್ಚಾದರೆ ನೀರು ಸುರಂಗವನ್ನೇ ಕೊರೆಯುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಆಧುನಿಕ ಉಪಕರಣಗಳಿಲ್ಲದ ಕಾಲದಲ್ಲಿ ಈ ಲೆಕ್ಕವನ್ನು ಸಾಧಿಸಿದವರ ಜಾಣ್ಮೆ ಮೆಚ್ಚತಕ್ಕದ್ದು.

ಕಾಲಕ್ರಮದಲ್ಲಿ ಈ ಬಾವಿಗಳು ಏನೆಂಬುದೇ ಜನರಿಗೆ ಮರೆತುಹೋಯಿತು. ಕೆಲವು ಹೂಳು ಕಸಗಳಿಂದ ತುಂಬಿದವು. ಕೆಲವು ಕಣ್ಣಿಗೆ ಕಾಣದಾದವು. ಕೇರಳದ ಭೂಗೋಳ ವಿದ್ವಾಂಸರಾದ ವಿ. ಗೋವಿಂದನ್‌ಕುಟ್ಟಿಯವರು ಸುರಂಗದ ದಾರಿಯನ್ನು ಶಾಸ್ತ್ರೀಯವಾಗಿ ಗುರುತಿಸಿದರು. 2015ರ ಸುಮಾರಿಗೆ ಸ್ಥಳೀಯ ಉತ್ಸಾಹಿಗಳ ಮತ್ತು ಜಿಲ್ಲಾಡಳಿತದ ಪ್ರಯತ್ನದಿಂದ ಹೂಳೆತ್ತುವ ಕೆಲಸ ನಡೆದು, ಸುರಂಗದಲ್ಲಿ ಮತ್ತೆ ನೀರು ಕಾಣಿಸಿಕೊಂಡಿತು. ಬಾವಿಯ ಬಾಯಿಗಳ ಬಳಿ ಹೋಗುವಾಗ ಎಚ್ಚರಿಕೆ ಬೇಕು. ಅನುಮತಿಯೂ ಮಾರ್ಗದರ್ಶಿಯೂ ಇಲ್ಲದೆ ಸುರಂಗದೊಳಕ್ಕೆ ಇಳಿಯಕೂಡದು.

ಸಂಜೆ: ಕೆಂಪಿನಿಂದ ಕರಿಗೆ

ಇನ್ನು ನಾವು ಪ್ರಸ್ಥಭೂಮಿಯಿಂದ ಕೆಳಗಿಳಿಯಬೇಕು. ಬೀದರಿನಿಂದ ಭಾಲ್ಕಿಯ ಕಡೆಗಾಗಲಿ ಔರಾದದ ಕಡೆಗಾಗಲಿ ಹೊರಟರೆ ಕೆಂಪು ನೆಲ ಹಿಂದೆ ಸರಿದು ಎರೆಭೂಮಿ ತೆರೆದುಕೊಳ್ಳುತ್ತದೆ. ಮೇಲಿನ ಅಂತಸ್ತನ್ನು ನದಿಗಳು ಕೊರೆದು ಒಯ್ದಿರುವುದರಿಂದ ಇಲ್ಲಿ ಕೆಳಗಿನ ಅಂತಸ್ತಿನ ಕರಿಕಲ್ಲೇ ಹೊರಬಿದ್ದಿದೆ. ಗೋದಾವರಿಯನ್ನು ಸೇರುವ ಮಾಂಜ್ರಾ ನದಿಯೂ ಅದರ ಉಪನದಿಯಾದ ಕಾರಂಜಾವೂ ಈ ಕೆಲಸವನ್ನು ಇಂದಿಗೂ ಮಾಡುತ್ತಿವೆ. ಔರಾದದ ದಾರಿಯಲ್ಲಿ ಮಾಂಜ್ರಾ ಸೇತುವೆಯನ್ನು ದಾಟುವಾಗ ಹಿಂದಿರುಗಿ ನೋಡಿದರೆ ಬೀದರಿನ ಎತ್ತರ ಮನಸ್ಸಿಗೆ ಬರುತ್ತದೆ.

ಒಂದೇ ತಾಯಿಕಲ್ಲಿನ ಈ ಎರಡು ಮಕ್ಕಳ ಸ್ವಭಾವ ಎಷ್ಟು ಭಿನ್ನ! ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ತೊಗರಿ, ಜೋಳ, ಉದ್ದು, ಹೆಸರುಗಳನ್ನು ಬೆಳೆಯುತ್ತದೆ. ಆದರೆ ಅದರಲ್ಲಿ ಸುರಂಗವನ್ನು ತೋಡಿದರೆ ಗೋಡೆ ನಿಲ್ಲದು. ಕೆಂಪು ಕಲ್ಲು ಬೆಳೆಗೆ ಅಷ್ಟಾಗಿ ಒದಗದು; ಆದರೆ ಅದು ತನ್ನ ಗರ್ಭದಲ್ಲಿ ನೀರನ್ನು ಕೂಡಿಡುತ್ತದೆ, ಕೋಟೆಗೂ ಗುಹೆಗೂ ಅವಕಾಶ ಕೊಡುತ್ತದೆ.

ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮ ಮೊದಲಾದ ಶರಣರ ಹೆಸರಿನಿಂದ ಕರೆಯಲಾಗುವ ಗುಹೆಗಳಿವೆ. ಅವು ಮತ್ತೊಂದು ದಿನದ ಸಂಚಾರಕ್ಕೆ ತಕ್ಕವು.

ಟೊಳ್ಳಿನ ಗುಣ, ಟೊಳ್ಳಿನ ಅಪಾಯ

ದಿನವೆಲ್ಲ ನೋಡಿದ್ದರಿಂದ ನಾವು ಗ್ರಹಿಸಬೇಕಾದ ಮುಖ್ಯ ವಿಷಯ ಒಂದುಂಟು. ಕಂದಕ, ಗುಹೆ, ಬುಗ್ಗೆ, ಕರೇಜ್ ಇವು ಬೇರೆಬೇರೆ ಅದ್ಭುತಗಳಲ್ಲ. ಒಂದೇ ಕಲ್ಲಿನ ಟೊಳ್ಳುತನದ ನಾನಾ ಫಲಗಳು. ಆ ಟೊಳ್ಳುತನಕ್ಕೆ ಇನ್ನೊಂದು ಮುಖವೂ ಇದೆ. ಮರಳು ನೀರನ್ನು ಕಣಕಣವಾಗಿ ಸೋಸುತ್ತದೆ. ಆದರೆ ಜಂಬಿಟ್ಟಿಗೆಯ ಕೊಳವೆಗಳಲ್ಲಿ ನೀರು ಬೇಗ ಹರಿಯುವುದರಿಂದ ಸೋಸುವಿಕೆ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಮೇಲೆ ಬಚ್ಚಲ ನೀರನ್ನು ಬಿಟ್ಟರೆ, ಕಸವನ್ನು ಬಾವಿಯ ಬಾಯಿಗೆ ಸುರಿದರೆ, ಅದರ ಸಾರವು ಕೆಳಗಿನ ಬುಗ್ಗೆಯಲ್ಲಿ ಹೊರಬರಬಲ್ಲದು. ನೆಲವನ್ನೆಲ್ಲ ಸಿಮೆಂಟಿನಿಂದ ಮುಚ್ಚಿದರೆ ಮಳೆ ಒಳಗಿಳಿಯದೆ ಬುಗ್ಗೆ ಬತ್ತಬಲ್ಲದು. ಊರಿನ ನೆಲವೇ ಗುಹೆಯ ಸೂರು. ಒಂದನ್ನು ಕೆಡಿಸಿ ಇನ್ನೊಂದನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಹಿಂತಿರುಗಿದ ಮೇಲೆ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಸಣ್ಣ ಪ್ರಯೋಗವನ್ನು ಹೇಳಿ ಮುಗಿಸುತ್ತೇವೆ. ಸ್ಮಾರಕಗಳಿಂದ ಚೂರನ್ನೂ ಮುರಿಯದೆ, ಮನೆ ಕಟ್ಟುವಲ್ಲಿ ಬಿದ್ದಿರುವ ಜಂಬಿಟ್ಟಿಗೆಯ ತುಂಡೊಂದನ್ನು ತನ್ನಿ. ಅದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತೂಗಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೇಲಿನ ತೇವವನ್ನು ಒರೆಸಿ ಮತ್ತೆ ತೂಗಿ. ಹೆಚ್ಚಿದ ತೂಕವೇ ಅದು ಕುಡಿದ ನೀರು. ಅದನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡ ಪ್ರಮಾಣ ದೊರೆಯುತ್ತದೆ. ಕರಿಕಲ್ಲಿನ ತುಂಡೊಂದಕ್ಕೂ ಹೀಗೆಯೇ ಮಾಡಿ, ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಬೀದರಿನ ಬುಗ್ಗೆಗಳು ಎಲ್ಲಿಂದ ಹುಟ್ಟುತ್ತವೆ, ಅವುಗಳನ್ನು ಕಾಪಾಡಬೇಕಾದರೆ ನಾವು ಯಾವ ನೆಲವನ್ನು ಶುಚಿಯಾಗಿಟ್ಟುಕೊಳ್ಳಬೇಕು ಎಂಬುದಕ್ಕೆ ಉತ್ತರ ಆ ಎರಡು ಸಂಖ್ಯೆಗಳಲ್ಲಿಯೇ ದೊರೆಯುವುದು.