ಬೆಟ್ಟದ ನೀರೂ ಬರಿಗೈಯ ವಿದ್ಯೆಯೂ

ಫ್ರಾನ್ಸ್ ದೇಶದ ನಕ್ಷೆಯನ್ನು ಗೋಡೆಗೆ ತೂಗಹಾಕಿದ ಕೂಡಲೆ ಬಾಲಿಕೆಯರು ಪ್ಯಾರಿಸ್ ಪಟ್ಟಣವನ್ನೇ ಹುಡುಕುವದುಂಟು. ನಾವಾದರೋ ಅವರ ಬೆರಳನ್ನು ದಕ್ಷಿಣಕ್ಕೆ ನಡಿಸುತ್ತೇವೆ. ಅಲ್ಲಿ ತುಲೂಜ್ ಪಟ್ಟಣದಿಂದ ಮೆಡಿಟರೇನಿಯನ್ ಕರಾವಳಿಯ ತೋ ಸರೋವರದ ವರೆಗೆ, ದ್ರಾಕ್ಷಿತೋಟಗಳ ನಡುವೆ, 240 ಕಿಲೋಮೀಟರ್ ಉದ್ದದ ಮಿದಿ ಕಾಲುವೆಯು ಹರಿಯುತ್ತದೆ.

ಇದನ್ನು ಯೋಚಿಸಿದವನು ಪಿಯೇರ್ ಪಾಲ್ ರಿಕೆ ಎಂಬ ಉಪ್ಪಿನ ತೆರಿಗೆಯ ಅಧಿಕಾರಿ. ಹಡಗುಗಳು ಸ್ಪೇನ್ ದೇಶವನ್ನು ಸುತ್ತಿ ಬರುವ ಕಷ್ಟವನ್ನು ತಪ್ಪಿಸುವದೇ ಅವನ ಉದ್ದೇಶ. ಆದರೆ ದಾರಿಯಲ್ಲಿ ನೊರೂಜ್ ಎಂಬ ದಿನ್ನೆಯು ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೀರು ಎರಡು ಕಡೆಗೂ ಇಳಿದುಹೋಗುವದು. ಹಾಗಾದರೆ ಮೇಲೆ ನೀರು ತುಂಬುವದು ಎಲ್ಲಿಂದ? ಉತ್ತರದ ಕಪ್ಪು ಬೆಟ್ಟದ ತೊರೆಗಳನ್ನು ಕೂಡಿಸಿ, ಸೆಂ ಫೆರೆಯೋಲ್ ಎಂಬಲ್ಲಿ ದೊಡ್ಡ ಕೆರೆಯನ್ನು ಕಟ್ಟಿ, ಕಿರುಗಾಲುವೆಯಿಂದ ದಿನ್ನೆಗೆ ನೀರನ್ನು ತರಲಾಯಿತು. 1666ರಲ್ಲಿ 14ನೆಯ ಲೂಯಿ ಅರಸನು ಅಪ್ಪಣೆ ಕೊಟ್ಟನು. ರಿಕೆಯು 1680ರಲ್ಲಿ ತೀರಿಹೋದನು. ಮರುವರುಷ ಕಾಲುವೆಯು ತೆರೆಯಲ್ಪಟ್ಟಿತು.

ದೋಣಿಗಳನ್ನು ಏರಿಸಿ ಇಳಿಸಲು ಎರಡು ಕದಗಳ ನಡುವೆ ನೀರಿನ ಕೋಣೆಗಳನ್ನು ಕಟ್ಟಿದರು. ಮೊದಲು ಕಟ್ಟಿದ ನೆಟ್ಟಗಿನ ಗೋಡೆಯೊಂದು ಮಣ್ಣಿನ ಒತ್ತಡಕ್ಕೆ ಕುಸಿದದ್ದರಿಂದ, ಆ ಮೇಲೆ ಗೋಡೆಗಳನ್ನು ಕಮಾನಿನಂತೆ ಬಾಗಿಸಿದರು. ದಡದ ಲ ಸೊಮಾಯ್ ಹಳ್ಳಿಯಲ್ಲಿ ಅಂಚೆದೋಣಿಯ ಪ್ರಯಾಣಿಕರು ರಾತ್ರಿ ತಂಗುತ್ತಿದ್ದರು. ಅಲ್ಲಿಯ ಗೂನುಸೇತುವೆಯು ಇಂದಿಗೂ ಉಂಟು. ಈಗ ಸರಕಿನ ದೋಣಿಗಳ ಬದಲು ವಿಹಾರದ ದೋಣಿಗಳು ಸಂಚರಿಸುತ್ತವೆ. 1996ರಲ್ಲಿ ಯುನೆಸ್ಕೋ ಸಂಸ್ಥೆಯು ಕಾಲುವೆಯನ್ನು ಲೋಕದ ಪರಂಪರೆಯ ಪಟ್ಟಿಗೆ ಸೇರಿಸಿತು. 2006ರಲ್ಲಿ ದಡದ ಪ್ಲೇನ್ ಮರಗಳಿಗೆ ಶಿಲೀಂಧ್ರರೋಗವು ತಗಲಿದ್ದು ತಿಳಿದುಬಂದು, ಸಾವಿರಾರು ಮರಗಳನ್ನು ಕಡಿದು ಹೊಸ ಸಸಿಗಳನ್ನು ನೆಡಬೇಕಾಯಿತು.

ನಮ್ಮ ಪಾಠದ ಸಾರವು ಇನ್ನು ಮುಂದಿದೆ. ಸಾವಿರಾರು ಕೂಲಿಗಳಲ್ಲಿ ಸ್ತ್ರೀಯರು ಬಹುಮಂದಿ ಇದ್ದರು. ಪಿರೆನೀಸ್ ಪರ್ವತದ ಹಳ್ಳಿಗಳಿಂದ ಬಂದ ಹೆಂಗಸರು ಇಳಿಜಾರಿನಲ್ಲಿ ನೀರು ಹಾಯಿಸುವ ವಿದ್ಯೆಯನ್ನು ಬಲ್ಲವರಾಗಿದ್ದರೆಂದೂ, ಆ ವಿದ್ಯೆಯು ಈ ಕೆಲಸಕ್ಕೆ ಒದಗಿತೆಂದೂ ಚಂದ್ರಾ ಮುಖರ್ಜಿ ಎಂಬ ವಿದುಷಿಯು 2009ರ ತನ್ನ ಗ್ರಂಥದಲ್ಲಿ ವಾದಿಸಿದ್ದಾಳೆ. ರಿಕೆಯ ಪ್ರತಿಮೆಯು ಬೆಜಿಯೇ ಪಟ್ಟಣದಲ್ಲಿ ನಿಂತಿದೆ. ಆ ಹೆಂಗಸರ ಹೆಸರುಗಳನ್ನೋ ನಾವು ಅರಿಯೆವು. ಬರೆದಿಡದ ವಿದ್ಯೆಗೆ ಬರುವ ಗತಿ ಇದೇ.

ಆದದ್ದರಿಂದ ತಂದೆತಾಯಂದಿರಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ವಿನಂತಿ. ನಿಮ್ಮ ಊರಿನ ಕೆರೆಯ ತೂಬು ಯಾವಾಗ ತೆರೆಯುತ್ತಿತ್ತು, ನೀರಿನ ಸರದಿ ಹೇಗೆ ನಡೆಯುತ್ತಿತ್ತು ಎಂಬದನ್ನು ಮನೆಯ ಅಜ್ಜಿಯರಿಂದ ಕೇಳಿರಿ. ಹೇಳಿದವರ ಹೆಸರು ಸಹಿತ ಬರೆದಿಡಿರಿ. ಅಕ್ಷರ ಕಲಿತ ಹೆಣ್ಣುಮಗಳು ಮನೆಗೆ ಸಲ್ಲಿಸತಕ್ಕ ಋಣಗಳಲ್ಲಿ ಇದೂ ಒಂದು.