ನೀರಿನ ಸಾಣೆಗೂ ಅಳತೆ ಬೇಕು

ಅದು ಅಕ್ಟೋಬರ್ ಚಾಟ್ನಿಯ ಎರಡನೇ ದಿನ. ದ್ರಾಕ್ಷಿ ಸಾಲಿನಲ್ಲಿ ಕಡ್ಡಿ ಕತ್ತರಿಸುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ, "ತಮ್ಮಾ, ಈ ಕತ್ರಿ ಕಡ್ಡಿ ಕತ್ತರಸಂಗಿಲ್ಲ, ಜಗೀತೈತಿ" ಅಂದರು. ಅಂಗೈ ತೋರಿಸಿದರು. ಬೊಬ್ಬೆ ಎದ್ದಿತ್ತು.

ಹಿಂದಿನ ಸಂಜೆ ಐದೂ ಕತ್ತರಿಗಳನ್ನು ನಾನೇ ಕರೆಂಟಿನ ಗ್ರೈಂಡರಿಗೆ ಹಿಡಿದಿದ್ದೆ. ಕಿಡಿ ಹಾರಿತ್ತು, ಅಲಗು ಫಳಫಳ ಹೊಳೆದಿತ್ತು. ಹರಿತ ಬಂತೆಂದು ತಿಳಿದಿದ್ದೆ. ಈಗ ಬಿಸಿಲಿಗೆ ಹಿಡಿದು ನೋಡಿದರೆ ತುದಿಯಲ್ಲಿ ನೀಲಿ ಬಣ್ಣ. ಒಂದೇ ಅಲಗಿನ ಮೇಲೆ ಮೂರು ಬೇರೆ ಬೇರೆ ಓರೆ. ಕತ್ತರಿಸಿದ ಕಡ್ಡಿಯ ಬಾಯಿ ನುಣುಪಾಗಿರಲಿಲ್ಲ, ಸೀಳಿ ನಾರು ಎದ್ದಿತ್ತು. ಆ ದಿನ ಅರ್ಧ ಕೆಲಸವೇ ಆಯಿತು. ಚಾಟ್ನಿ ಎಳೆದಾಡಿದರೆ ಚಿಗುರೂ ಹಿಂದೆ ಮುಂದೆ ಬರುತ್ತದೆ. ಮುಂದಿನ ಔಷಧಿ, ಕೊಯ್ಲು ಎಲ್ಲದರ ಲೆಕ್ಕ ತಪ್ಪುತ್ತದೆ.

ಬಬಲೇಶ್ವರ ತಾಲೂಕಿನ ನಮ್ಮ ಸಾರವಾಡ ಡೋಣಿ ಸೀಮೆಯ ಊರು. 'ಡೋಣಿ ಬೆಳೆದರೆ ಓಣೆಲ್ಲ ಜೋಳ' ಎನ್ನುವ ಮಾತು ಹುಟ್ಟಿದ್ದು ಇಲ್ಲೇ. ನನಗೆ ಎರಡೆಕರೆ ದ್ರಾಕ್ಷಿ, ಉಳಿದದ್ದು ಬಿಳಿಜೋಳ. ಹಾಗಾಗಿ ಕತ್ತರಿ, ಕುಡಗೋಲು ಎರಡಕ್ಕೂ ಸಾಣೆ ತಪ್ಪಿದ್ದಲ್ಲ.

ಲೇತ್ ಮನೆಯಲ್ಲಿ ಕಲಿತದ್ದು

ಸಂಜೆ ಕತ್ತರಿಗಳನ್ನು ಕಟ್ಟಿಕೊಂಡು ಪರಿಚಯದ ಬಡಿಗೇರರ ಬಳಿ ಹೋದೆ. ಲೇತ್ ಮೇಲೆ ತೊಟ್ಟಿಲ ಕಾಲು, ಲಟ್ಟಣಿಗೆ ಕಡೆಯುವವರು ಅವರು. ಅವರ ಸಾಣೆ ಚಕ್ರ ನಿಧಾನಕ್ಕೆ ತಿರುಗುತ್ತದೆ. ಕೆಳಭಾಗ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಇಂಥ ಯಂತ್ರವನ್ನು ಸ್ವೀಡನ್ನಿನ ಟಾರ್ಮೆಕ್ ಕಂಪನಿ 1973ರಿಂದ ಮಾಡುತ್ತಿದೆ. ಅದರ ದೊಡ್ಡ ಮಾದರಿಯ ಚಕ್ರ ನಿಮಿಷಕ್ಕೆ 90 ಸುತ್ತು. ನನ್ನ ಒಣ ಗ್ರೈಂಡರ್ ನಿಮಿಷಕ್ಕೆ 2,800 ಸುತ್ತಿನ ಆಸುಪಾಸು!

ಲೇತಿನ ಉಳಿಗಳು ಹೆಚ್ಚಾಗಿ ಹೈಸ್ಪೀಡ್ ಸ್ಟೀಲಿನವು. 500 ಡಿಗ್ರಿ ಕಾವಿಗೂ ಅವುಗಳ ಗಡಸುತನ ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಕತ್ತರಿ, ಕುಡಗೋಲು ಹೆಚ್ಚಾಗಿ ಕಾರ್ಬನ್ ಉಕ್ಕಿನವು. 200 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತವೆ. 300ರ ಹತ್ತಿರ ನೀಲಿ ಬಣ್ಣ ಕಾಣುತ್ತದೆ. ಅಂದರೆ ನೀರಿನ ಗರಜು ಅವರಿಗಿಂತ ನಮಗೇ ಜಾಸ್ತಿ.

"ಹಂಗಾದ್ರ ನೀರು ಹಾಕಿದ್ರ ಸಾಕಲ್ಲ?" ಅಂದೆ.

"ಅಣ್ಣಾರ, ನೀರು ಕಾವು ತಡೀತೈತಿ ಅಷ್ಟ. ಓರೆ ನೀವ ಹಿಡೀಬೇಕು" ಅಂದರು.

ಅವರು ಓರೆ ಹಿಡಿಯುವುದು ಕಣ್ಣಂದಾಜಿನಲ್ಲಲ್ಲ. ಚಕ್ರದ ಮುಂದೆ ಒಂದು ಕಬ್ಬಿಣದ ಸರಳು. ಉಳಿಯನ್ನು ಕಟ್ಟುವ ಹಿಡಿಕೆಯೊಂದು. ಹಿಡಿಕೆಯಿಂದ ಉಳಿ ಎಷ್ಟು ಮುಂದೆ ಚಾಚಬೇಕೆಂಬುದಕ್ಕೆ ಮೊಳೆ ಹೊಡೆದ ಅಳತೆಯ ಹಲಗೆ. ಸರಳಿನ ದೂರ, ಉಳಿ ಚಾಚಿದ ಉದ್ದ, ಹಿಡಿಕೆಯ ವಾರೆ ಇವು ಬದಲಾಗದಿದ್ದರೆ ಓರೆಯೂ ಬದಲಾಗದು. ಹಳೇ ಓರೆಯ ಮೇಲೇ ಸಾಣೆ ಕೂತರೆ ನಾಕು ಸಲ ತಾಗಿಸಿದರೆ ಮುಗಿಯಿತು. ಪ್ರತಿ ಸಲ ಹೊಸ ಓರೆ ತೆಗೆದರೆ ಉಕ್ಕೇ ಸವೆದು ಹೋಗುತ್ತದೆ.

ನಾನು ಮಾಡಿಕೊಂಡದ್ದು

ಯಂತ್ರ ಕೊಳ್ಳಲಿಲ್ಲ. ಹಳೇ ಸೈಕಲ್ ಪೆಡಲಿಗೆ ಸಾಣೆ ಚಕ್ರ ಕೂಡಿಸಿದೆ. ಕೆಳಗೆ ಎಣ್ಣೆ ಡಬ್ಬಿ ಸೀಳಿದ ತೊಟ್ಟಿ. ಮಗ ತುಳಿಯುತ್ತಾನೆ, ನಾನು ಹಿಡಿಯುತ್ತೇನೆ. ನೀರಿನ ಹತ್ತಿರ ಕರೆಂಟಿನ ಭಯವೂ ಇಲ್ಲ. ಮಾಡುವ ಕ್ರಮ ಹೀಗೆ:

1. ಕತ್ತರಿ ಬಿಚ್ಚಿ, ಅಂಟು ಒರೆಸಿ. ಓರೆಯಿರುವ ಅಲಗಿಗೆ ಮಾತ್ರ ಸಾಣೆ. ಎದುರಿನ ಕೊಕ್ಕೆಗೆ ಬೇಡ.

2. ಓರೆಯ ಮೇಲೆ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿಯಿರಿ. ಒಮ್ಮೆ ಚಕ್ರಕ್ಕೆ ತಾಗಿಸಿ ನೋಡಿ. ತುದಿಯ ಶಾಯಿ ಮಾತ್ರ ಹೋದರೆ ಅಲಗು ಹೆಚ್ಚು ಎದ್ದಿದೆ. ಹಿಂಬದಿಯದು ಮಾತ್ರ ಹೋದರೆ ಹೆಚ್ಚು ಮಲಗಿದೆ. ಓರೆ ತುಂಬ ಅಳಿಸಿದರೆ ಸರಿ. ಆ ಅಳತೆಗೆ ಸರಳಿನ ಮೇಲೂ ಹಲಗೆಯ ಮೇಲೂ ಗುರುತು ಹಾಕಿ.

3. ಚಕ್ರ ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ತಿರುಗಲಿ. ಎದುರು ತಿರುಗಿದರೆ ಬಾಯಿ ಕಲ್ಲಿಗೆ ಕಚ್ಚಿ ಕೈ ಜಾರೀತು.

4. ಚಪ್ಪಟೆ ಬದಿಯಲ್ಲಿ ಕೂದಲೆಳೆಯಂಥ ತರಿ ಬೆರಳಿಗೆ ಸಿಕ್ಕರೆ ನಿಲ್ಲಿಸಿ. ಆ ಬದಿಯನ್ನು ನುಣ್ಣನೆ ಕಲ್ಲಿನ ಮೇಲೆ ಮಲಗಿಸಿ ಒಂದೆರಡು ಸಲ ಎಳೆದರೆ ತರಿ ಹೋಗುತ್ತದೆ.

5. ಒರೆಸಿ, ಎಣ್ಣೆ ಹಚ್ಚಿ.

ಕುಡಗೋಲಿನ ಅಲಗು ಬಾಗಿರುವುದರಿಂದ ಹಿಡಿಕೆಗೆ ಕೂರುವುದಿಲ್ಲ. ಶಾಯಿ ಗುರುತು ನೋಡುತ್ತಾ ಕೈಯಲ್ಲೇ ಹಿಡಿಯಬೇಕು. ಹಲ್ಲಿನ ಕುಡಗೋಲನ್ನು ಚಕ್ರಕ್ಕೆ ಕೊಡಲೇಬೇಡಿ.

ಎರಡು ಎಚ್ಚರಿಕೆ. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲಿ. ಕಲ್ಲು ಒಂದೇ ಬದಿ ನೀರು ಕುಡಿದು ಭಾರವಾದರೆ ಓಲಾಡುತ್ತದೆ. ಎರಡನೆಯದು, ಕಲ್ಲು ಸವೆದು ಚಿಕ್ಕದಾದಂತೆ ಓರೆ ತಪ್ಪುತ್ತದೆ. ವರ್ಷಕ್ಕೊಮ್ಮೆಯಾದರೂ ಶಾಯಿ ಬಳಿದು ಅಳತೆ ಸರಿಮಾಡಿಕೊಳ್ಳಿ.

ನೀಲಿಯಾದ ಐದರಲ್ಲಿ ಮೂರು ಕತ್ತರಿಗಳು ನೀಲಿ ಭಾಗ ಸವೆಯುವ ತನಕ ಸಾಣೆ ಹಿಡಿದ ಮೇಲೆ ಉಳಿದವು. ಎರಡು ಗುಜರಿಗೆ ಹೋದವು. ಏಪ್ರಿಲ್ ಚಾಟ್ನಿಗೆ ಅದೇ ಹಿರಿಯರು ಬಂದಿದ್ದರು. ಈಗ ಮಧ್ಯಾಹ್ನ ಊಟದ ಹೊತ್ತಿಗೆ ಕತ್ತರಿಗಳನ್ನು ಕೇಳಿ ಇಸಿದುಕೊಂಡು ಒಮ್ಮೆ ಸಾಣೆಗೆ ತಾಗಿಸಿ ಕೊಡುತ್ತೇನೆ. ಒಂದಕ್ಕೆ ಎರಡು ನಿಮಿಷ ಸಾಕು. ಸಂಜೆ ನಾನು ಮೊದಲು ನೋಡುವುದು ಅವರ ಅಂಗೈ.